ಹಿಮ್ಮೇಳದ ಮಿತವ್ಯಯ: ಕೈಫೋನಿನ ಹಿನ್ನೆಲೆ ಕಾರ್ಯಗಳ ಸ್ವರೂಪ ಮತ್ತು ನಿರ್ವಹಣೆ

ಗಣಕಯಂತ್ರಗಳ ಪರಿಭಾಷೆಯಲ್ಲಿ ‘ಹಿನ್ನೆಲೆ ಕಾರ್ಯ’ವೆಂಬುದು ಬಳಸುವವನ ಕಣ್ಣಿಗೆ ಕಾಣದಂತೆ, ಪ್ರತಿಸಲವೂ ಅವನ ಅಪ್ಪಣೆಗೆ ಕಾಯದೆ, ಯಂತ್ರದ ಒಳಗೆ ನಡೆಯತಕ್ಕ ಕೆಲಸಕ್ಕೆ ಸಲ್ಲುವ ಹೆಸರು. ಹೊಸ ಮಿಂಚಂಚೆ ಬಂದಿದೆಯೆ ಎಂದು ವಿಚಾರಿಸುವುದು, ತೆಗೆದ ಚಿತ್ರಗಳನ್ನು ದೂರದ ಸಂಗ್ರಹಾಗಾರಕ್ಕೆ ರವಾನಿಸುವುದು, ಫೋನು ಇರುವ ಸ್ಥಳವನ್ನು ಗುರುತಿಸುವುದು, ಆ್ಯಪುಗಳ ಹೊಸ ಆವೃತ್ತಿಗಳನ್ನು ಇಳಿಸಿಕೊಳ್ಳುವುದು, ಇವೆಲ್ಲ ಈ ವರ್ಗಕ್ಕೆ ಸೇರಿದವು. ತೆರೆ ಕಪ್ಪಾಗಿ ಫೋನು ಜೇಬಿನಲ್ಲಿ ಮಲಗಿರುವಾಗಲೂ ಇವುಗಳಲ್ಲಿ ಕೆಲವು ನಡೆಯುತ್ತಲೇ ಇರುತ್ತವೆ. ಬೆಳಗ್ಗೆ ತುಂಬಿದ್ದ ಬ್ಯಾಟರಿ ಸಂಜೆಗೆ ಮುನ್ನವೇ ಬರಿದಾಗುವುದಕ್ಕೂ, ಎರಡು ವರ್ಷದ ಹಿಂದೆ ಚುರುಕಾಗಿದ್ದ ಯಂತ್ರ ಇಂದು ತೆವಳುವುದಕ್ಕೂ ಇವೇ ಕಾರಣವೆಂಬ ನಂಬಿಕೆ ಜನರಲ್ಲಿ ಬಲವಾಗಿದೆ. ಈ ನಂಬಿಕೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದರಿಂದ ಹುಟ್ಟಿರುವ ಅಭ್ಯಾಸದಲ್ಲಿ ಸತ್ಯಕ್ಕಿಂತ ಭ್ರಮೆಯೇ ಹೆಚ್ಚು.

ಆ ಅಭ್ಯಾಸ ಯಾವುದೆಂಬುದನ್ನು ಫರೀದಾಬಾದಿನಿಂದ ದೆಹಲಿಗೆ ಹೋಗುವ ಮೆಟ್ರೋ ಗಾಡಿಯ ಯಾವ ಡಬ್ಬಿಯಲ್ಲಾದರೂ ನೋಡಬಹುದು. ಫೋನನ್ನು ಕೆಳಗಿಡುವ ಮುನ್ನ ಜನರು ತಾವು ತೆರೆದಿದ್ದ ಆ್ಯಪುಗಳ ಸಾಲನ್ನು ಕರೆದು, ಒಂದೊಂದನ್ನೂ ಬೆರಳಿನಿಂದ ಮೇಲಕ್ಕೆ ತಳ್ಳಿ ‘ಮುಚ್ಚಿ’, ಬಳಿಕ ಸಮಾಧಾನದಿಂದ ಫೋನನ್ನು ಜೇಬಿಗೆ ಸೇರಿಸುತ್ತಾರೆ. ಕೋಣೆಯಿಂದ ಹೊರಡುವಾಗ ದೀಪವಾರಿಸುವ ಸದ್‌ಗೃಹಸ್ಥರ ಸಂಸ್ಕಾರವೇ ಇದರ ಮೂಲ. ಸಂಸ್ಕಾರ ಒಳ್ಳೆಯದು, ಹೋಲಿಕೆ ಮಾತ್ರ ಸರಿಯಲ್ಲ. ಹೀಗೆ ಮುಚ್ಚಿದ್ದರಿಂದ ಆದ ಉಳಿತಾಯ ಬಹುಮಟ್ಟಿಗೆ ಶೂನ್ಯ. ಕೆಲವು ಸಂದರ್ಭಗಳಲ್ಲಿ ಅದು ನಷ್ಟವೂ ಹೌದು. ಮತ್ತೆ ಕೆಲವು ಸಂದರ್ಭಗಳಲ್ಲಿ ಊರಿನಿಂದ ಬರಬೇಕಾದ ಕರೆಯೇ ಬಾರದೆ ಹೋಗುವ ಅಪಾಯವೂ ಉಂಟು. ಏಕೆ ಹೀಗೆ, ಮತ್ತು ನಿಜವಾದ ಮಿತವ್ಯಯದ ದಾರಿ ಯಾವುದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹಿನ್ನೆಲೆಯ ಪೂರ್ವಕಥೆ

ಹಿನ್ನೆಲೆ ಕಾರ್ಯವೆಂಬ ಕಲ್ಪನೆ ಹುಟ್ಟಿದುದು ಉಳಿತಾಯಕ್ಕಾಗಿಯೇ; ಆದರೆ ಆಗ ಉಳಿಸಬೇಕಾಗಿದ್ದ ವಸ್ತು ಬೇರೆ. ಅಮೆರಿಕದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಎಂಬ ವಿಜ್ಞಾನಿಯೂ ಅವನ ಸಂಗಡಿಗರೂ 1961ರಲ್ಲಿ ಒಂದೇ ಗಣಕವನ್ನು ಹಲವರು ಏಕಕಾಲದಲ್ಲಿ ಬಳಸಬಹುದಾದ ಏರ್ಪಾಡನ್ನು ಪ್ರದರ್ಶಿಸಿದರು. ಕೀಲಿಮಣೆಯ ಮುಂದೆ ಕುಳಿತವರ ಕೆಲಸ ಮುನ್ನೆಲೆಯಲ್ಲಿ. ಅವರು ಯೋಚಿಸುತ್ತ ಕೈಕಟ್ಟಿ ಕುಳಿತಿದ್ದ ವೇಳೆಯಲ್ಲಿ ಗಣಕ ಸುಮ್ಮನಿರಬಾರದೆಂದು, ಮೊದಲೇ ಒಪ್ಪಿಸಿಟ್ಟ ದೊಡ್ಡ ಲೆಕ್ಕಗಳು ಹಿನ್ನೆಲೆಯಲ್ಲಿ. ಆ ಕಾಲದ ಗಣಕವೆಂದರೆ ಒಂದು ದೊಡ್ಡ ಕೋಣೆಯನ್ನು ತುಂಬುವ, ಲಕ್ಷಗಟ್ಟಲೆ ಡಾಲರುಗಳ ಯಂತ್ರ. ಅದಕ್ಕೆ ವಿದ್ಯುತ್ತು ಗೋಡೆಯಿಂದ ಬೇಕಾದಷ್ಟು ಹರಿದುಬರುತ್ತಿತ್ತು. ಬೆಲೆಯಿದ್ದುದು ಯಂತ್ರದ ಕಾಲಕ್ಕೆ. ಆದುದರಿಂದ ಗಣಕ ನಿಷ್ಕ್ರಿಯವಾಗಿ ಕಳೆಯುವ ಒಂದೊಂದು ಕ್ಷಣವೂ ಅಪವ್ಯಯವೆನಿಸಿತ್ತು.

ಜೇಬಿನಲ್ಲಿ ಹಿಡಿಯುವ ಯಂತ್ರ ಬಂದ ಬಳಿಕ ಈ ಲೆಕ್ಕ ತಲೆಕೆಳಗಾಯಿತು. ಅದರ ಪ್ರೊಸೆಸರು ಅಗ್ಗ, ವೇಗ ಅಪಾರ, ಕೊರತೆಯಿರುವುದು ಬ್ಯಾಟರಿಗೆ. ಗೋಡೆಗೆ ಅಂಟಿದ ಯಂತ್ರಕ್ಕೆ ಸುಮ್ಮನಿರುವುದು ನಷ್ಟವಾಗಿದ್ದರೆ, ಜೇಬಿನ ಯಂತ್ರಕ್ಕೆ ಸುಮ್ಮನಿರುವುದೇ ಲಾಭ. ಹಿನ್ನೆಲೆ ಕಾರ್ಯಗಳ ಕುರಿತ ಇಂದಿನ ಸಕಲ ನಿಯಮಗಳೂ ಈ ಒಂದು ವಿಪರ್ಯಾಸದಿಂದ ಹೊರಟಿವೆ.

ಈ ಸಮಸ್ಯೆಯನ್ನು ಮೊದಲೇ ಎದುರಿಸಿದವರಲ್ಲಿ ಬೆಂಗಳೂರಿನ ವಿಜ್ಞಾನಿಗಳೂ ಇದ್ದರೆಂಬುದು ಕನ್ನಡಿಗರು ನೆನೆಯಬೇಕಾದ ಸಂಗತಿ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಮತ್ತು ಎನ್‌ಕೋರ್ ಎಂಬ ಸಂಸ್ಥೆಯ ತಂತ್ರಜ್ಞರು ಕೂಡಿ ರೂಪಿಸಿದ ‘ಸಿಂಪ್ಯೂಟರ್’ 2001ರಲ್ಲಿ ಬೆಂಗಳೂರಿನಲ್ಲಿ ಲೋಕದ ಮುಂದೆ ಬಂತು. ಅಂಗೈಯಲ್ಲಿ ಹಿಡಿಯುವ, ಲಿನಕ್ಸ್ ವ್ಯವಸ್ಥೆಯಿಂದ ನಡೆಯುವ, ಕನ್ನಡವನ್ನೂ ಬಲ್ಲ ಆ ಗಣಕದ ಮೊದಲ ವಿನ್ಯಾಸದಲ್ಲಿದ್ದ ಮೆಮೊರಿ 32 ಮೆಗಾಬೈಟು ಮಾತ್ರ; ಇಂದಿನ 4 ಗಿಗಾಬೈಟಿನ ಸಾಧಾರಣ ಫೋನಿನಲ್ಲಿ ಅದರ 128ರಷ್ಟು ಮೆಮೊರಿ ಇರುತ್ತದೆ. ಅಷ್ಟು ಚಿಕ್ಕ ಆವರಣದಲ್ಲಿ ಯಾವ ಕೆಲಸ ನಡೆಯಬೇಕು, ಯಾವುದು ಕಾಯಬೇಕು ಎಂಬ ನಿರ್ಣಯ ವಿನ್ಯಾಸದ ಆರಂಭದಲ್ಲಿಯೇ ಆಗಬೇಕಾಗಿತ್ತು. 2004ರಲ್ಲಿ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಸಹಯೋಗದಿಂದ ಅದು ‘ಅಮಿಡಾ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದರೂ ಬಹುಕಾಲ ನಿಲ್ಲಲಿಲ್ಲ. ಸಿಂಪ್ಯೂಟರಿನ ಕಾಲದಲ್ಲಿ ಹಿನ್ನೆಲೆಯ ಕೆಲಸಗಳನ್ನು ಆರಿಸುತ್ತಿದ್ದವರು ಯಂತ್ರವನ್ನು ಕಟ್ಟಿದವರು. ಇಂದಿನ ಫೋನಿನಲ್ಲಿ ಹಿನ್ನೆಲೆಗೆ ಸೇರಲು ಹವಣಿಸುವವರು ನೂರಾರು ಆ್ಯಪುಗಳ ಒಡೆಯರು. ನಿರ್ವಹಣೆಯ ಪ್ರಶ್ನೆ ಜಟಿಲವಾದುದು ಇಲ್ಲಿಂದ.

ರಂಗಸ್ಥಳ, ಹಿಮ್ಮೇಳ, ಚೌಕಿ

ಆ್ಯಪೊಂದು ಒಂದೋ ತೆರೆದಿದೆ, ಇಲ್ಲವೇ ಮುಚ್ಚಿದೆ ಎಂದು ಭಾವಿಸುವುದು ಈ ವಿಷಯದಲ್ಲಿನ ಮೊದಲನೆಯ ತಪ್ಪು ಗ್ರಹಿಕೆ. ವಾಸ್ತವವಾಗಿ ಅದಕ್ಕೆ ಹಲವು ಅವಸ್ಥೆಗಳಿವೆ. ಯಕ್ಷಗಾನವನ್ನು ಬಲ್ಲವರಿಗೆ ಇವುಗಳನ್ನು ತಿಳಿಯುವುದು ಕಷ್ಟವಲ್ಲ.

ತೆರೆಯ ಮೇಲೆ ಕಾಣುತ್ತಿರುವ ಆ್ಯಪು ರಂಗಸ್ಥಳದಲ್ಲಿರುವ ವೇಷಧಾರಿಯಂತೆ. ಬೆಳಕೂ ಗಮನವೂ ಅವನ ಮೇಲೆ. ಖರ್ಚಿನ ಬಹುಪಾಲು ಅವನಿಂದಲೇ. ತೆರೆಯ ಬೆಳಕು ಫೋನಿನ ದೊಡ್ಡ ವೆಚ್ಚಗಳಲ್ಲಿ ಒಂದೆಂಬುದನ್ನು ಇಲ್ಲಿ ಮರೆಯಬಾರದು. ಎರಡನೆಯದು ಹಿಮ್ಮೇಳ. ತೆರೆ ಆರಿದ ಮೇಲೂ ಹಾಡು ಕೇಳಿಸುತ್ತಿರುವ ಆ್ಯಪು, ದಾರಿ ತೋರಿಸುತ್ತಿರುವ ನಕ್ಷೆಯ ಆ್ಯಪು, ಇವು ಭಾಗವತ ಮತ್ತು ಮದ್ದಳೆಗಾರರಂತೆ ಪ್ರಸಂಗದುದ್ದಕ್ಕೂ ದುಡಿಯುತ್ತಿರುತ್ತವೆ. ಮೂರನೆಯದು ಚೌಕಿ. ತನ್ನ ಪಾತ್ರ ಮುಗಿಸಿ ಬಂದ ವೇಷಧಾರಿ ಬಣ್ಣವನ್ನು ಅಳಿಸದೆ, ಕಿರೀಟವನ್ನು ಮಾತ್ರ ಪಕ್ಕಕ್ಕಿಟ್ಟು, ಮುಂದಿನ ಪ್ರವೇಶಕ್ಕಾಗಿ ಚೌಕಿಯಲ್ಲಿ ಕುಳಿತಿರುತ್ತಾನಷ್ಟೆ. ಅವನು ಕುಣಿಯುತ್ತಿಲ್ಲ, ಮಾತಾಡುತ್ತಿಲ್ಲ. ಒಂದಿಷ್ಟು ಜಾಗವನ್ನು ಆಕ್ರಮಿಸಿಕೊಂಡಿದ್ದಾನೆ, ಅಷ್ಟೆ. ಇತ್ತೀಚೆಗೆ ಬಳಸಿದ ಆ್ಯಪುಗಳ ಸಾಲಿನಲ್ಲಿ ಕಾಣುವವುಗಳಲ್ಲಿ ಹೆಚ್ಚಿನವು ಈ ಚೌಕಿಯ ಸ್ಥಿತಿಯಲ್ಲಿರತಕ್ಕವು. ಕೆಲವು ಅಲ್ಲಿಯೂ ಇರುವುದಿಲ್ಲ. ಸಾಲಿನಲ್ಲಿ ಕಾಣುವುದು ಅವುಗಳ ಚಿತ್ರಪಟ ಮಾತ್ರ.

ಚೌಕಿಯಲ್ಲಿ ಕುಳಿತವನನ್ನು ಎಬ್ಬಿಸಿ ಬಣ್ಣವಳಿಸಿ ಮನೆಗೆ ಕಳುಹಿಸಿದರೆ ಮೇಳಕ್ಕೆ ಆಗುವ ಉಳಿತಾಯವೇನು? ಏನೂ ಇಲ್ಲ. ಅರ್ಧ ಗಂಟೆಯಲ್ಲಿ ಅವನೇ ಮತ್ತೆ ಬೇಕಾದರೆ, ಹೊಸದಾಗಿ ಬಣ್ಣ ಹಚ್ಚಿ, ವೇಷ ಕಟ್ಟಿ, ಗೆಜ್ಜೆ ಬಿಗಿಯಬೇಕಾಗುತ್ತದೆ. ಆ್ಯಪನ್ನು ಮೇಲಕ್ಕೆ ತಳ್ಳಿ ಮುಚ್ಚಿ, ಮರಳಿ ತೆರೆಯುವಾಗ ಆಗುವುದೂ ಇದೇ. ಸಂಗ್ರಹದಿಂದ ಅದರ ಭಾಗಗಳನ್ನೆಲ್ಲ ಮೆಮೊರಿಗೆ ಪುನಃ ತುಂಬಬೇಕು. ಪ್ರೊಸೆಸರು ಪುನಃ ಮೊದಲಿನಿಂದ ದುಡಿಯಬೇಕು. ಬೆರಳ ತುದಿಯ ಈ ಮಿತವ್ಯಯ ಬ್ಯಾಟರಿಗೆ ಇಮ್ಮಡಿ ಖರ್ಚಾಗಿ ಪರಿಣಮಿಸುತ್ತದೆ.

‘ಮೆಮೊರಿಯಾದರೂ ಖಾಲಿಯಾಯಿತಲ್ಲವೆ’ ಎಂದು ಕೆಲವರು ಆಕ್ಷೇಪಿಸಬಹುದು. ಫೋನಿನ ಮೆಮೊರಿ ಖಾಲಿಯಿದ್ದರೂ ತುಂಬಿದ್ದರೂ ಅದನ್ನು ಜೀವಂತವಾಗಿಡಲು ತಗಲುವ ವಿದ್ಯುತ್ತು ಹೆಚ್ಚುಕಡಿಮೆ ಒಂದೇ. ಚೌಕಿಯಲ್ಲಿ ಜಾಗ ಸಾಲದೆ ಬಂದಾಗ, ಬಹಳ ಹೊತ್ತಿನಿಂದ ಯಾರೂ ಕರೆಯದವರನ್ನು ಮೊದಲು ಹೊರಗೆ ಕಳುಹಿಸುವ ಕೆಲಸವನ್ನು ಫೋನಿನ ಕಾರ್ಯಾಚರಣ ವ್ಯವಸ್ಥೆ ತಾನೇ ಮಾಡುತ್ತದೆ. ಮೆಮೊರಿ ತೀರ ಕಡಮೆಯಿರುವ ಹಳೆಯ ಫೋನುಗಳಲ್ಲಿ ಈ ಹೊರಹಾಕುವಿಕೆ ಪದೇಪದೇ ನಡೆಯುವುದರಿಂದ ಯಂತ್ರ ನಿಧಾನವಾಗುತ್ತದೆಂಬುದು ನಿಜ. ಅದಕ್ಕೆ ಪರಿಹಾರ ಆ್ಯಪುಗಳ ಸಂಖ್ಯೆಯನ್ನು ಕಡಮೆ ಮಾಡುವುದೇ ಹೊರತು, ಇರುವವನ್ನು ದಿನಕ್ಕೆ ಇಪ್ಪತ್ತು ಸಲ ಮುಚ್ಚುವುದಲ್ಲ. ಆ್ಯಪೊಂದು ಕಂಗೆಟ್ಟು ನಿಂತುಹೋದಾಗ ಅದನ್ನು ಮುಚ್ಚಿ ತೆರೆಯುವುದು ಸಾಧು. ನಿತ್ಯಕರ್ಮವಾಗಿ ಮಾಡುವುದು ವ್ಯರ್ಥ.

ನಿದ್ರಾಭಂಗದ ವೆಚ್ಚ

ಹಾಗಾದರೆ ಬ್ಯಾಟರಿ ಖರ್ಚಾಗುವುದೆಲ್ಲಿ? ಇರುವಿಕೆಯಲ್ಲಿ ಅಲ್ಲ, ಎಚ್ಚರಗೊಳ್ಳುವುದರಲ್ಲಿ. ತೆರೆ ಆರಿ ಕೆಲಸವಿಲ್ಲದಿರುವಾಗ ಪ್ರೊಸೆಸರು ಗಾಢನಿದ್ರೆಗೆ ಇಳಿಯುತ್ತದೆ. ಆಗ ಅದು ಸೇವಿಸುವ ಶಕ್ತಿ ಅತ್ಯಲ್ಪ. ಯಾವುದೋ ಆ್ಯಪು ‘ಹೊಸದೇನಾದರೂ ಇದೆಯೆ’ ಎಂದು ವಿಚಾರಿಸಬಯಸಿತೆಂದರೆ ಪ್ರೊಸೆಸರು ಏಳಬೇಕು, ರೇಡಿಯೋ ಭಾಗ ಏಳಬೇಕು, ಗೋಪುರದೊಡನೆ ಸಂಪರ್ಕ ಕೂಡಬೇಕು. ವಿಚಾರಣೆ ಒಂದು ಕ್ಷಣದ್ದು. ಆದರೆ ಇನ್ನಷ್ಟು ಮಾಹಿತಿ ಬಂದೀತೆಂಬ ನಿರೀಕ್ಷೆಯಿಂದ, ಕೆಲಸ ಮುಗಿದ ಮೇಲೂ ರೇಡಿಯೋ ಹಲವು ಸೆಕೆಂಡುಗಳ ಕಾಲ ಹೆಚ್ಚಿನ ಶಕ್ತಿಯನ್ನು ಸೇವಿಸುತ್ತ ಎಚ್ಚರವಾಗಿಯೇ ಇರುತ್ತದೆ. ಒಂದೊಂದು ಕಾಗದಕ್ಕೂ ಅಂಚೆಯವನು ಒಂದೊಂದು ಸಲ ಊರಿಗೆಲ್ಲ ಸುತ್ತು ಹಾಕಿದಂತೆ. ಹತ್ತು ಕಾಗದಗಳನ್ನು ಒಂದೇ ಚೀಲದಲ್ಲಿ ತಂದರೆ ಆಗುವ ಶ್ರಮವೆಷ್ಟು, ಹತ್ತು ಸಲ ಬಂದರೆ ಆಗುವ ಶ್ರಮವೆಷ್ಟು! ಹಿನ್ನೆಲೆ ಕಾರ್ಯಗಳ ನಿರ್ವಹಣೆಯ ಜೀವಾಳವೆಲ್ಲ ಈ ಚೀಲ ಕಟ್ಟುವಿಕೆಯಲ್ಲಿದೆ.

ಇದನ್ನು ಒಂದು ಪ್ರಯಾಣದ ಮೂಲಕ ನೋಡಬಹುದು. ಫರೀದಾಬಾದಿಗೆ ಮೆಟ್ರೋ ಬಂದುದು 2015ರಲ್ಲಿ. 2018ರಲ್ಲಿ ಅದು ಬಲ್ಲಭಗಢದವರೆಗೆ ಬೆಳೆಯಿತು. ಬಾಟಾ ಚೌಕದಲ್ಲಿ ನೇರಳೆ ಮಾರ್ಗದ ಗಾಡಿ ಹತ್ತುವ ಕನ್ನಡಿಗನೊಬ್ಬ ಲಾಜಪತ ನಗರದಲ್ಲಿ ಇಳಿದು, ಅಲ್ಲಿ ಪಿಂಕ್ ಮಾರ್ಗಕ್ಕೆ ಬದಲಾಯಿಸಿಕೊಂಡು, ಸರ್ ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತ ಮೋತಿ ಬಾಗ್ ನಿಲ್ದಾಣದಲ್ಲಿ ಇಳಿದರೆ ದೆಹಲಿ ಕರ್ನಾಟಕ ಸಂಘದ ಭವನ ಹತ್ತಿರವೇ ಸಿಗುತ್ತದೆ. ಈ ದಾರಿಯುದ್ದಕ್ಕೂ ಅವನು ಫೋನನ್ನು ಜೇಬಿನಿಂದ ಹೊರತೆಗೆಯಲಿಲ್ಲವೆಂದೇ ಭಾವಿಸೋಣ. ಆದರೂ ಫೋನಿಗೆ ಬಿಡುವಿಲ್ಲ. ಗಾಡಿ ಮುಂದುವರಿದಂತೆ ಒಂದು ಗೋಪುರದ ವಲಯದಿಂದ ಇನ್ನೊಂದರ ವಲಯಕ್ಕೆ ಅದು ವರ್ಗವಾಗುತ್ತಿರಬೇಕು. ಸಂಕೇತ ಕ್ಷೀಣವಾದಲ್ಲೆಲ್ಲ ದೂರದವನನ್ನು ಕೂಗಿ ಕರೆಯುವವನಂತೆ ಹೆಚ್ಚಿನ ಬಲದಿಂದ ಪ್ರಸಾರ ಮಾಡಬೇಕು. ಇಂತಹ ಹೊತ್ತಿನಲ್ಲಿ ಅಂಗಡಿಯ ಆ್ಯಪೊಂದು ಅವನಿರುವ ಸ್ಥಳವನ್ನು ಕೇಳುತ್ತದೆ. ಸುದ್ದಿಯ ಆ್ಯಪೊಂದು ಯಾರೂ ನೋಡದ ಚಲಚ್ಚಿತ್ರದ ತುಣುಕನ್ನು ಇಳಿಸಿಕೊಳ್ಳುತ್ತದೆ. ಹಿಂದಿನ ದಿನ ತೆಗೆದ ಚಿತ್ರಗಳು ದೂರದ ಸಂಗ್ರಹಾಗಾರಕ್ಕೆ ಹೊರಡುತ್ತವೆ. ಮನೆಯ ವೈ-ಫೈ ಬಳಸಿ, ಚಾರ್ಜರಿಗೆ ಸಿಕ್ಕಿಸಿದ ರಾತ್ರಿಯ ಹೊತ್ತಿನಲ್ಲಿ ಅಗ್ಗವಾಗಿ ಆಗಬಹುದಾಗಿದ್ದ ಕೆಲಸ, ಇಲ್ಲಿ ಅತಿ ದುಬಾರಿಯಾದ ಸ್ಥಳದಲ್ಲಿ, ದುಬಾರಿಯಾದ ವೇಳೆಯಲ್ಲಿ ನಡೆಯುತ್ತದೆ. ಕೆಲಸ ಅನಾವಶ್ಯಕವೆಂದಲ್ಲ, ಅದರ ಕಾಲ ಇದಲ್ಲ.

ಇದಕ್ಕೆ ಬೇಸಗೆಯ ತಾಪವೂ ಸೇರಬೇಕು. ಫರೀದಾಬಾದಿನ ಜ್ಯೇಷ್ಠಮಾಸದಲ್ಲಿ ಉಷ್ಣಮಾನ ಕೆಲವು ದಿನ 45 ಡಿಗ್ರಿಯನ್ನು ದಾಟುವುದುಂಟು. ಲಿಥಿಯಂ ಅಯಾನು ಬ್ಯಾಟರಿಗೆ ಶಾಖ ಪರಮ ಶತ್ರು. ಬಿಸಿಯಲ್ಲಿ ಅದರ ರಾಸಾಯನಿಕ ಸವಕಳಿ ಶೀಘ್ರವಾಗುತ್ತದೆ. ಎಡೆಬಿಡದೆ ದುಡಿಯುವ ಪ್ರೊಸೆಸರು ಒಳಗಿನಿಂದಲೂ ಬಿಸಿಲು ಹೊರಗಿನಿಂದಲೂ ಬ್ಯಾಟರಿಯನ್ನು ಕಾಯಿಸಿದಾಗ, ಬರಿದಾಗುವುದು ಆ ದಿನದ ಚಾರ್ಜು ಮಾತ್ರವಲ್ಲ, ಬ್ಯಾಟರಿಯ ಆಯುಷ್ಯವೂ ಹೌದು.

ಹೊರೆ ಹಂಚುವ ಕಟ್ಟೆ

ಹಿನ್ನೆಲೆ ಕಾರ್ಯಗಳ ನಿಯಂತ್ರಣಕ್ಕೆ ಒಪ್ಪುವ ಹೋಲಿಕೆ ಫರೀದಾಬಾದಿನಲ್ಲಿಯೇ ಇದೆ. 1975ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಜಲವಿದ್ಯುತ್ ನಿಗಮದ ಕೇಂದ್ರ ಕಚೇರಿ ಇರುವುದು ಇಲ್ಲಿ. ಆ ಹೆಸರಿನ ಒಂದು ಮೆಟ್ರೋ ನಿಲ್ದಾಣವೇ ಇದೆ. ವಿದ್ಯುತ್ ಕ್ಷೇತ್ರದವರಿಗೆ ತರಬೇತಿಯೀಯುವ ರಾಷ್ಟ್ರೀಯ ಸಂಸ್ಥೆಯ ಪ್ರಧಾನ ಕೇಂದ್ರವೂ ಇಲ್ಲಿಯೇ. ವಿದ್ಯುಜ್ಜಾಲದ ಮೂಲಸೂತ್ರವೆಂದರೆ, ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣವೂ ಸರಿದೂಗಿ, ಪ್ರವಾಹದ ಆವರ್ತನ ಸೆಕೆಂಡಿಗೆ 50ರ ಆಸುಪಾಸಿನಲ್ಲಿ ನಿಲ್ಲಬೇಕು. ಇದನ್ನು ಕಾಯುವುದು ಹೊರೆ ಹಂಚುವ ಕೇಂದ್ರಗಳ ಕೆಲಸ. 2012ನೆಯ ಇಸವಿಯ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಎರಡು ಸಲ ಕುಸಿಯಿತು. ಎರಡನೆಯ ದಿನ ಪೂರ್ವ ಮತ್ತು ಈಶಾನ್ಯದ ಜಾಲಗಳೂ ಕೂಡಿ ಕುಸಿದು, ಸುಮಾರು 60 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ದೆಹಲಿ, ಹರಿಯಾಣಗಳೂ ಅದರಲ್ಲಿ ಸೇರಿದ್ದವು. ಕೆಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ವಿದ್ಯುತ್ತನ್ನು ಎಳೆದುಕೊಂಡುದು ಅದರ ಕಾರಣಗಳಲ್ಲಿ ಒಂದೆಂದು ವಿಚಾರಣಾ ಸಮಿತಿ ಕಂಡುಕೊಂಡಿತು. ತನ್ನೊಬ್ಬನಿಂದ ಏನಾದೀತೆಂದು ಪ್ರತಿಯೊಬ್ಬನೂ ಸ್ವಲ್ಪಸ್ವಲ್ಪ ಹೆಚ್ಚಾಗಿ ಎಳೆದರೆ ಜಾಲಕ್ಕೆ ಒದಗುವ ಗತಿಯೇ ಫೋನಿನ ಬ್ಯಾಟರಿಗೂ ಒದಗುತ್ತದೆ. ಪ್ರತಿಯೊಂದು ಆ್ಯಪಿನ ಬೇಡಿಕೆ ಅತಿ ಚಿಕ್ಕದು. ಎಲ್ಲರ ಬೇಡಿಕೆಗಳ ಮೊತ್ತ ಅಸಹ್ಯ.

ಆದುದರಿಂದ ಫೋನಿನ ಕಾರ್ಯಾಚರಣ ವ್ಯವಸ್ಥೆ ಕ್ರಮಕ್ರಮವಾಗಿ ಹೊರೆ ಹಂಚುವ ಕೇಂದ್ರದ ಪಾತ್ರವನ್ನು ವಹಿಸಿಕೊಂಡಿದೆ. 2007ರಲ್ಲಿ ಹೊರಬಂದ ಐಫೋನು ಮೊದಲಲ್ಲಿ ಹೊರಗಿನ ಆ್ಯಪುಗಳಿಗೆ ಹಿನ್ನೆಲೆಯ ಅವಕಾಶವನ್ನೇ ಕೊಡಲಿಲ್ಲ. 2010ರಲ್ಲಿ ಸಂಗೀತ, ಸ್ಥಳ ಗುರುತಿಸುವಿಕೆ, ಅಂತರಜಾಲದ ಕರೆ ಮುಂತಾದ ಆಯ್ದ ಕೆಲಸಗಳಿಗೂ, 2013ರಲ್ಲಿ ನಿಯಂತ್ರಿತ ರೀತಿಯಲ್ಲಿ ಇತರ ಕೆಲಸಗಳಿಗೂ ಬಾಗಿಲು ತೆರೆಯಿತು. ಆಂಡ್ರಾಯ್ಡ್ ಇದಕ್ಕೆ ವಿರುದ್ಧವಾದ ದಿಕ್ಕಿನಿಂದ ಬಂತು. ಮೊದಲು ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಬಳಿಕ ಒಂದೊಂದಾಗಿ ಮುಚ್ಚುತ್ತ ಹೋಯಿತು. 2015ರ ಆರನೆಯ ಆವೃತ್ತಿಯಲ್ಲಿ ‘ಡೋಜ್’ ಎಂಬ ಏರ್ಪಾಡು ಬಂತು. ಚಾರ್ಜರಿನಿಂದ ಬೇರ್ಪಟ್ಟು, ತೆರೆ ಆರಿ, ಒಂದೆಡೆ ಅಲುಗಾಡದೆ ಬಿದ್ದಿರುವ ಫೋನು ಜಾಲದ ಸಂಪರ್ಕವನ್ನೂ ಮುಂದೂಡಬಹುದಾದ ಕೆಲಸಗಳನ್ನೂ ತಡೆಹಿಡಿದು, ಆಗಾಗ ಅಲ್ಪಾವಧಿಯ ಕಿಂಡಿಯೊಂದನ್ನು ತೆರೆದು ಎಲ್ಲ ಕೆಲಸಗಳನ್ನೂ ಒಟ್ಟಿಗೆ ಮುಗಿಸಿಕೊಳ್ಳುತ್ತದೆ. ಹೊತ್ತು ಕಳೆದಂತೆ ಕಿಂಡಿಗಳ ನಡುವಣ ಅಂತರ ಹೆಚ್ಚುತ್ತದೆ. 2016ರಲ್ಲಿ ಇದರ ಸೌಮ್ಯ ರೂಪವೊಂದು ಜೇಬಿನಲ್ಲಿ ಚಲಿಸುತ್ತಿರುವ ಫೋನಿಗೂ ಅನ್ವಯವಾಯಿತು. 2018ರ ಒಂಬತ್ತನೆಯ ಆವೃತ್ತಿ ಆ್ಯಪುಗಳನ್ನು ಬಳಕೆಯ ಪ್ರಮಾಣಕ್ಕನುಸಾರವಾಗಿ ದರ್ಜೆಗಳಾಗಿ ವಿಂಗಡಿಸಿತು: ಪದೇಪದೇ ತೆರೆಯುವವಕ್ಕೆ ಹೆಚ್ಚಿನ ಸ್ವಾತಂತ್ರ್ಯ, ಅಪರೂಪದವಕ್ಕೆ ಬಿಗಿಯಾದ ಪಡಿತರ.

ಸಂದೇಶಗಳ ವಿಷಯದಲ್ಲಿಯೂ ಇದೇ ಜಾಣ್ಮೆ. ಪ್ರತಿ ಆ್ಯಪೂ ತನ್ನದೇ ತಂತಿ ಎಳೆದುಕೊಂಡು ಕೂರುವ ಬದಲು, ಎಲ್ಲಕ್ಕೂ ಒಂದೇ ಸಂಪರ್ಕವನ್ನು ವ್ಯವಸ್ಥೆ ಕಾಯ್ದಿಟ್ಟಿರುತ್ತದೆ. ತುರ್ತು ಸಂದೇಶ ಬಂದಾಗ ಮಲಗಿರುವ ಫೋನನ್ನು ಅದು ಎಬ್ಬಿಸಿ, ಸಂಬಂಧಪಟ್ಟ ಆ್ಯಪಿಗೆ ಸುದ್ದಿ ಮುಟ್ಟಿಸುತ್ತದೆ. ‘ಬಂದಿದೆಯೆ, ಬಂದಿದೆಯೆ’ ಎಂದು ಹತ್ತು ಸಲ ಹೋಗಿ ಕೇಳುವುದಕ್ಕಿಂತ, ಬಂದಾಗ ಹೇಳಿ ಕಳುಹಿಸೆಂದು ಒಬ್ಬನಿಗೆ ಒಪ್ಪಿಸುವುದೇ ಲೇಸಲ್ಲವೆ?

ಉಳಿತಾಯ ಕೇಡಾಗುವ ಬಗೆ

ಹೊರೆ ಕಡಿತಗೊಳಿಸುವಾಗ ವಿದ್ಯುತ್ ಇಲಾಖೆ ಎಲ್ಲ ಬೀದಿಗಳನ್ನೂ ಒಂದೇ ತೆರನಾಗಿ ನೋಡುವುದಿಲ್ಲ. ಆಸ್ಪತ್ರೆ, ರೈಲು, ನೀರು ಸರಬರಾಜು ಇವಕ್ಕೆ ಆದ್ಯತೆಯುಂಟು. ಫೋನಿನ ಯಂತ್ರಕ್ಕೆ ಈ ವಿವೇಕ ಪೂರ್ತಿಯಾಗಿ ಇರಲಾರದು. ಅದು ಕಾಣಬಲ್ಲುದು ಬಳಕೆಯ ಲೆಕ್ಕವನ್ನು; ಮಹತ್ವದ ಲೆಕ್ಕವನ್ನಲ್ಲ. ದಿನಕ್ಕೆ ನಲವತ್ತು ಸಲ ತೆರೆಯುವ ಆಟದ ಆ್ಯಪು ಅದರ ದೃಷ್ಟಿಯಲ್ಲಿ ಪ್ರಥಮ ದರ್ಜೆಯದು. ಔಷಧದ ವೇಳೆಯನ್ನು ನೆನಪಿಸುವ, ತಾನಾಗಿ ಯಾರೂ ತೆರೆಯದ ಆ್ಯಪು ಕೊನೆಯ ದರ್ಜೆಗೆ ಇಳಿಯಬಹುದು. ಮಧುಮೇಹಿಗಳ ತೋಳಿಗೆ ಅಂಟಿಸಿದ ಸಂವೇದಕದಿಂದ ರಕ್ತದ ಸಕ್ಕರೆಯ ಅಳತೆಯನ್ನು ಪಡೆದು ಎಚ್ಚರಿಸುವ ಆ್ಯಪುಗಳು ಪೂರ್ತಿಯಾಗಿ ಹಿನ್ನೆಲೆಯ ಕೆಲಸವನ್ನೇ ಅವಲಂಬಿಸಿವೆ. ಅವುಗಳ ಬಾಯಿ ಕಟ್ಟಿದರೆ ಆಗುವ ಅನಾಹುತ ಬ್ಯಾಟರಿಯ ಶೇಕಡಾ ಎರಡು ಮೂರರ ಉಳಿತಾಯಕ್ಕೆ ಸಮನಲ್ಲ.

ಪ್ರವಾಸಿ ಕನ್ನಡಿಗರ ಮನೆಗಳಿಗೆ ಈ ವಿಷಯ ಇನ್ನೊಂದು ದಾರಿಯಿಂದ ತಟ್ಟುತ್ತದೆ. ಮಕ್ಕಳು ಫರೀದಾಬಾದಿನಲ್ಲಿ, ಅಪ್ಪ ಅಮ್ಮ ಧಾರವಾಡದಲ್ಲೋ ಉಡುಪಿಯಲ್ಲೋ ಇರುವ ಸಂಸಾರಗಳಲ್ಲಿ ಈಗ ಮಾತುಕತೆ ಬಹುಮಟ್ಟಿಗೆ ನಡೆಯುವುದು ವಾಟ್ಸ್ಆ್ಯಪ್ ಮುಂತಾದವುಗಳ ಮೂಲಕ. ಸಾಧಾರಣ ದೂರವಾಣಿ ಕರೆಗೂ ಇಂತಹ ಕರೆಗೂ ಇರುವ ಒಂದು ಮುಖ್ಯ ಭೇದವನ್ನು ಎಲ್ಲರೂ ಅರಿತಿರುವುದಿಲ್ಲ. ಸಾಧಾರಣ ಕರೆಯೂ ಸಾಧಾರಣ ಎಸ್.ಎಂ.ಎಸ್. ಸಂದೇಶವೂ ಫೋನಿನ ರೇಡಿಯೋ ಭಾಗಕ್ಕೆ ನೇರವಾಗಿ ಬಂದು ಯಂತ್ರವನ್ನು ಎಬ್ಬಿಸುತ್ತವೆ. ಆ್ಯಪುಗಳ ಮೇಲಿನ ನಿರ್ಬಂಧ ಇವನ್ನು ತಡೆಯಲಾರದು. ವಾಟ್ಸ್ಆ್ಯಪಿನ ಕರೆಯಾದರೋ ಅಂತರಜಾಲದ ಮೂಲಕ ಬಂದು, ಆ ಆ್ಯಪು ಎಚ್ಚರಗೊಂಡರೆ ಮಾತ್ರ ಮೊಳಗುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಆ್ಯಪೊಂದನ್ನು ‘ಬಲವಂತವಾಗಿ ನಿಲ್ಲಿಸಿ’ ಎಂಬ ಆಜ್ಞೆಯಿಂದ ನಿಲ್ಲಿಸಿದರೆ, ಬಳಸುವವನು ತಾನೇ ಅದನ್ನು ಪುನಃ ತೆರೆಯುವವರೆಗೆ ಅದಕ್ಕೆ ಸಂದೇಶವೂ ಮುಟ್ಟದು, ಅದರ ಗಂಟೆಯೂ ಬಾರಿಸದು. ಕೆಲವು ತಯಾರಕರ ಫೋನುಗಳಲ್ಲಿ ಸಾಲಿನಿಂದ ಮೇಲಕ್ಕೆ ತಳ್ಳುವುದೂ ಈ ಬಲವಂತದ ನಿಲುಗಡೆಗೆ ಸಮಾನವಾಗಿರುತ್ತದೆ. ರಾತ್ರಿ ಮಲಗುವ ಮುನ್ನ ಮಿತವ್ಯಯದ ದೃಷ್ಟಿಯಿಂದ ಎಲ್ಲವನ್ನೂ ತಳ್ಳಿ ಮುಚ್ಚಿದ ಮಗನ ಫೋನು, ಅಪರಾತ್ರಿಯಲ್ಲಿ ಊರಿನಿಂದ ಬಂದ ಕರೆಗೆ ಮೌನವಾಗಿಯೇ ಉಳಿಯಬಹುದು. ತುರ್ತಿನ ವೇಳೆಯಲ್ಲಿ ಸಾಧಾರಣ ಕರೆಯನ್ನೇ ಮಾಡಬೇಕೆಂದು ಊರಿನ ಹಿರಿಯರಿಗೆ ಮೊದಲೇ ತಿಳಿಸಿಟ್ಟಿರುವುದು ಎಲ್ಲ ಮನೆಗಳಿಗೂ ಕ್ಷೇಮ.

ಗೃಹಸ್ಥರ ಕರ್ತವ್ಯ

ಈವರೆಗಿನ ವಿವೇಚನೆಯಿಂದ, ಯಂತ್ರಕ್ಕೆ ಬಿಡಬೇಕಾದುದು ಯಾವುದು, ಮನುಷ್ಯ ತಾನೇ ನಿರ್ಣಯಿಸಬೇಕಾದುದು ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಮೆಮೊರಿಯ ಹಂಚಿಕೆ, ನಿದ್ರೆಯ ವೇಳೆ, ಕೆಲಸಗಳ ಒಟ್ಟುಗೂಡಿಸುವಿಕೆ ಇವನ್ನು ಯಂತ್ರಕ್ಕೇ ಬಿಡತಕ್ಕದ್ದು. ಯಾವ ಆ್ಯಪಿಗೆ ಯಂತ್ರವನ್ನು ಎಬ್ಬಿಸುವ ಅಧಿಕಾರವಿರಬೇಕೆಂಬುದು ಮಾತ್ರ ಮನುಷ್ಯನ ನಿರ್ಣಯ. ಅದನ್ನು ದಿನದಿನವೂ ಮಾಡಬೇಕಾಗಿಲ್ಲ. ಒಮ್ಮೆ ಸಾವಧಾನವಾಗಿ ಕುಳಿತು ಮಾಡಿದರೆ ಬಹುಕಾಲ ಸಾಕಾಗುತ್ತದೆ.

ಮೊದಲನೆಯದಾಗಿ, ಸೆಟ್ಟಿಂಗುಗಳಲ್ಲಿ ಬ್ಯಾಟರಿಯ ವೆಚ್ಚದ ಪಟ್ಟಿಯನ್ನು ನೋಡತಕ್ಕದ್ದು. ಪ್ರತಿ ಆ್ಯಪೂ ತೆರೆಯ ಮೇಲೆ ಎಷ್ಟು ಹೊತ್ತು, ಹಿನ್ನೆಲೆಯಲ್ಲಿ ಎಷ್ಟು ಹೊತ್ತು ನಡೆಯಿತೆಂಬ ಲೆಕ್ಕ ಅಲ್ಲಿ ದೊರೆಯುತ್ತದೆ. ತೆರೆಯ ಮೇಲೆ ಐದು ನಿಮಿಷ ಕಾಣಿಸಿಕೊಂಡು ಹಿನ್ನೆಲೆಯಲ್ಲಿ ಮೂರು ಗಂಟೆ ದುಡಿದಿರುವ ಆ್ಯಪು ವಿಚಾರಣೆಗೆ ಅರ್ಹ. ಊಹೆಯಿಂದ ಶಿಕ್ಷಿಸುವುದಕ್ಕಿಂತ ಲೆಕ್ಕ ನೋಡಿ ಶಿಕ್ಷಿಸುವುದು ನ್ಯಾಯ.

ಎರಡನೆಯದಾಗಿ, ಆ್ಯಪುಗಳನ್ನು ನಾಲ್ಕು ವರ್ಗವಾಗಿ ವಿಂಗಡಿಸಬಹುದು. ಆರೋಗ್ಯ, ಎಚ್ಚರಿಕೆಯ ಗಂಟೆ, ಮನೆಯವರ ಮಾತುಕತೆ, ಇವು ಯಾವಾಗ ಬೇಕಾದರೂ ಎಬ್ಬಿಸಬಹುದಾದವು. ಇವಕ್ಕೆ ಬ್ಯಾಟರಿಯ ನಿರ್ಬಂಧದಿಂದ ವಿನಾಯಿತಿ ಕೊಡಬೇಕು. ಕೆಲವು ಫೋನುಗಳಲ್ಲಿ ತಾನಾಗಿ ಆರಂಭವಾಗುವ ಅನುಮತಿಯನ್ನೂ ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ. ಅಂಚೆ, ಪತ್ರಿಕೆ, ಚಿತ್ರಸಂಗ್ರಹ ಮುಂತಾದವು ಕಾಯಬಹುದಾದವು. ಇವನ್ನು ವ್ಯವಸ್ಥೆಯ ಮರ್ಜಿಗೆ ಬಿಟ್ಟು, ಚಿತ್ರಗಳ ರವಾನೆಯನ್ನು ವೈ-ಫೈ ಇರುವಾಗ ಮಾತ್ರವೆಂದು ಗೊತ್ತುಪಡಿಸಬೇಕು. ಅಂಗಡಿ, ಆಟ, ತಿಂಡಿ ತರಿಸುವ ಆ್ಯಪುಗಳು ಕರೆದಾಗ ಮಾತ್ರ ಬರಬೇಕಾದವು. ಇವಕ್ಕೆ ಹಿನ್ನೆಲೆಯ ಬಳಕೆಯನ್ನು ನಿರ್ಬಂಧಿಸಿದರೆ ನಷ್ಟವೇನೂ ಇಲ್ಲ. ತಿಂಡಿ ತರಿಸಿದ ಹೊತ್ತಿನಲ್ಲಿ ಅದು ಎಲ್ಲಿಗೆ ಬಂತೆಂದು ತಿಳಿಯಬೇಕಾದರೆ ಆ್ಯಪನ್ನು ತೆರೆದು ನೋಡಿದರಾಯಿತು. ಆರು ತಿಂಗಳಿಂದ ಮುಟ್ಟದವು ನಾಲ್ಕನೆಯ ವರ್ಗ. ಇವನ್ನು ತೆಗೆದುಹಾಕುವುದೇ ಸರಿ.

ಮೂರನೆಯದಾಗಿ, ಸ್ಥಳ ತಿಳಿಯುವ ಅನುಮತಿಯನ್ನು ‘ಆ್ಯಪು ಬಳಕೆಯಲ್ಲಿರುವಾಗ ಮಾತ್ರ’ ಎಂದು ಮಿತಗೊಳಿಸುವುದು. ಇದರಿಂದ ಬ್ಯಾಟರಿಯೊಂದಿಗೆ ಖಾಸಗಿತನವೂ ಉಳಿಯುತ್ತದೆ; ಹಿನ್ನೆಲೆಯಲ್ಲಿ ಸ್ಥಳವನ್ನು ಕೇಳುವ ಅಂಗಡಿಗೆ ಬೇಕಾದುದು ಗ್ರಾಹಕನ ಅನುಕೂಲವಲ್ಲ, ಅವನ ಚಲನವಲನದ ವಿವರ. ನಾಲ್ಕನೆಯದಾಗಿ, ಮೆಮೊರಿಯನ್ನು ‘ಶುಚಿಗೊಳಿಸುವ’, ವೇಗವನ್ನು ‘ಇಮ್ಮಡಿಸುವ’ ಆ್ಯಪುಗಳಿಂದ ದೂರವಿರುವುದು. ಚೌಕಿಯಲ್ಲಿರುವವರನ್ನು ಓಡಿಸುವುದಕ್ಕಾಗಿ ಇವು ತಾವೇ ಹಿನ್ನೆಲೆಯಲ್ಲಿ ಸದಾ ಎಚ್ಚರವಾಗಿರುತ್ತವೆ. ಅನೇಕ ವೇಳೆ ಜಾಹೀರಾತುಗಳನ್ನೂ ಜೊತೆಗೆ ಹೊತ್ತು ತರುತ್ತವೆ. ಕ್ಷಾಮಪರಿಹಾರದ ಧಾನ್ಯವನ್ನು ಹಂಚುವವರೇ ತಿಂದು ಮುಗಿಸಿದಂತಾಗುತ್ತದೆ ಇದು.

ಮೇಜಿನ ಗಣಕಗಳಿಗೂ ಇದೇ ನಿಯಮ ಸ್ವಲ್ಪ ಮಾರ್ಪಾಟಿನೊಡನೆ ಸಲ್ಲುತ್ತದೆ. ಅಲ್ಲಿ ಬ್ಯಾಟರಿಯ ಚಿಂತೆ ಕಡಮೆ, ಮೆಮೊರಿಯ ಚಿಂತೆ ಹೆಚ್ಚು. ಗಣಕ ಏಳುವಾಗಲೇ ತಾವೂ ಎದ್ದು ಕೂರುವ ತಂತ್ರಾಂಶಗಳ ಪಟ್ಟಿ ವಿಂಡೋಸ್ ವ್ಯವಸ್ಥೆಯ ಟಾಸ್ಕ್ ಮ್ಯಾನೇಜರಿನಲ್ಲಿ ದೊರೆಯುತ್ತದೆ. ಅದರಲ್ಲಿ ಬೇಡವಾದವನ್ನು ತಡೆಹಿಡಿದರೆ ಹಳೆಯ ಯಂತ್ರವೂ ಚೇತರಿಸಿಕೊಳ್ಳುತ್ತದೆ. ರಕ್ಷಣೆಯ ತಂತ್ರಾಂಶಗಳನ್ನೂ ವ್ಯವಸ್ಥೆಯ ಸ್ವಂತ ಕಾರ್ಯಗಳನ್ನೂ ಮಾತ್ರ ಮುಟ್ಟಬಾರದು. ಬ್ರೌಸರಿನಲ್ಲಿ ತೆರೆದಿಟ್ಟ ಐವತ್ತು ಪುಟಗಳೂ ಒಂದು ಬಗೆಯ ಹಿನ್ನೆಲೆಯೇ. ಓದಬೇಕಾದವನ್ನು ಗುರುತಿಸಿಟ್ಟು ಉಳಿದವನ್ನು ಮುಚ್ಚುವುದು ಲೇಸು.

ಹೀಗೆ ನಿರ್ವಹಿಸಿದ ಫೋನು ಒಂದೆರಡು ವರ್ಷ ಹೆಚ್ಚಾಗಿ ಬಾಳೀತು. ‘ಫೋನು ಹಳೆಯದಾಯಿತು, ಬದಲಾಯಿಸಬೇಕು’ ಎಂಬ ತೀರ್ಮಾನಕ್ಕೆ ಅನೇಕ ವೇಳೆ ಕಾರಣವಾಗಿರುವುದು ಯಂತ್ರದ ಮುಪ್ಪಲ್ಲ. ಹೇಳದೆ ಕೇಳದೆ ಒಳಸೇರಿದ ಕೆಲಸಗಳ ಹೊರೆ, ಮತ್ತು ಸವೆದ ಬ್ಯಾಟರಿ. ಹೊರೆಯನ್ನು ಇಳಿಸಬಹುದು, ಬ್ಯಾಟರಿಯನ್ನು ಫೋನಿನ ಬೆಲೆಯ ಅಲ್ಪಾಂಶದಲ್ಲಿ ಬದಲಾಯಿಸಬಹುದು. ಇವೆರಡನ್ನೂ ನೋಡದೆ ಹೊಸದನ್ನು ಕೊಳ್ಳುವುದು, ಕಾಲುವೆಯಲ್ಲಿ ಹೂಳು ತುಂಬಿತೆಂದು ಹೊಸ ಕೆರೆ ಕಟ್ಟಿಸಿದಂತೆ.

ಮಿತವ್ಯಯವೆಂದರೆ ಎಲ್ಲವನ್ನೂ ನಿಲ್ಲಿಸುವುದಲ್ಲ. ಯಾವುದು ಎಚ್ಚರವಾಗಿರಬೇಕು, ಯಾವುದು ಕಾಯಬಹುದು, ಯಾವುದು ಬೇಡವೇ ಬೇಡ ಎಂಬ ತಾರತಮ್ಯಜ್ಞಾನವೇ ಅದರ ತಿರುಳು. ಈ ಜ್ಞಾನವನ್ನು ಯಂತ್ರ ಒಂದು ಮಟ್ಟದವರೆಗೆ ಲೆಕ್ಕದಿಂದ ಕಲಿತಿದೆ. ದಿನಕ್ಕೆ ಒಂದೇ ಸಲ ಬರುವ ಸಂದೇಶ ದಿನಕ್ಕೆ ನೂರು ಸಲ ಬರುವ ಸಂದೇಶಕ್ಕಿಂತ ಅಮೂಲ್ಯವಾಗಿರಬಹುದೆಂಬ ಮಾತು ಮಾತ್ರ ಲೆಕ್ಕಕ್ಕೆ ಸಿಗತಕ್ಕದ್ದಲ್ಲ. ಅದನ್ನು ಯಂತ್ರಕ್ಕೆ ಹೇಳಬೇಕಾದವನು ಅದರ ಯಜಮಾನ. ಹೇಳುವುದಕ್ಕೆ ಬೇಕಾಗುವುದು ಅರ್ಧ ಗಂಟೆಯ ಬಿಡುವು.